ಆಲಿವರನ ತಟ್ಟೆ

ನನ್ನ ಬಳಿ ಒಂದು ಹಳೆಯ ಗ್ರಾಮಫೋನ್ ತಟ್ಟೆಯಿದೆ. ಹೊದಿಕೆಯ ಅಂಚುಗಳು ಸವೆದಿವೆ. ಮೂಲೆಗಳಲ್ಲಿ ರಟ್ಟು ಪದರಪದರವಾಗಿ ಬಿಟ್ಟುಕೊಂಡಿದೆ. ಪಂಪಭಾರತಕ್ಕೂ ಗದುಗಿನ ಭಾರತಕ್ಕೂ ಪಕ್ಕದಲ್ಲಿಯೇ ಅದನ್ನು ನಿಲ್ಲಿಸಿದ್ದೇನೆ. ಮನೆಗೆ ಬಂದವರು ಕನ್ನಡ ಅಧ್ಯಾಪಕನ ಕಪಾಟಿನಲ್ಲಿ ಇಂಗ್ಲಿಷ್ ನಾಟಕವೊಂದರ ಹಾಡುಗಳಿಗೆ ಏನು ಕೆಲಸವೆಂದು ಕೇಳುವುದುಂಟು. ಸಣ್ಣ ಪ್ರಶ್ನೆ, ಆದರೆ ಉತ್ತರ ಸಣ್ಣದಲ್ಲ. ಇಂದು ಅದನ್ನು ವಾಚಕರ ಮುಂದೆ ಇಡಲು ಪ್ರಯತ್ನಿಸುತ್ತೇನೆ.

ತಟ್ಟೆಯ ಹೆಸರು 'ಆಲಿವರ್!'. ಕೊನೆಯ ಆಶ್ಚರ್ಯಸೂಚಕ ಚಿಹ್ನೆಯೂ ಹೆಸರಿನ ಭಾಗವೇ. ಚಾರ್ಲ್ಸ್ ಡಿಕನ್ಸನ 'ಆಲಿವರ್ ಟ್ವಿಸ್ಟ್' ಕಾದಂಬರಿಯನ್ನು ಲಯೊನೆಲ್ ಬಾರ್ಟ್ ಎಂಬಾತ ಸಂಗೀತ ನಾಟಕವಾಗಿ ರೂಪಿಸಿದನು. ಮಾತು, ಪದ್ಯ, ರಾಗ ಮೂರೂ ಅವನವೇ. ಲಂಡನ್ನಿನ ನ್ಯೂ ಥಿಯೇಟರಿನಲ್ಲಿ 1960ರ ಜೂನ್ 30ರಂದು ಅದು ಮೊದಲ ಬಾರಿಗೆ ಲಂಡನ್ ನಗರದ ನಡುವೆ ಬೆಳಕು ಕಂಡಿತು. 2,618 ಪ್ರದರ್ಶನಗಳನ್ನು ಮುಗಿಸಿ 1966ರಲ್ಲಿ ತೆರೆ ಎಳೆಯಿತು. ಆ ಮೊದಲ ತಂಡದ ನಟರೇ ಹಾಡಿದ ಹಾಡುಗಳನ್ನು ಡೆಕ್ಕಾ ಸಂಸ್ಥೆ 1960ರಲ್ಲಿಯೇ ಮುದ್ರಿಸಿತು. 1968ರಲ್ಲಿ ಕೆರಲ್ ರೀಡ್ ತೆಗೆದ ಚಲನಚಿತ್ರ ಆಸ್ಕರ್ ಪ್ರಶಸ್ತಿ ಪಡೆದು ಲೋಕವನ್ನೆಲ್ಲ ಸುತ್ತಿತು. ಆದರೂ ನನ್ನ ಕಿವಿ ಮತ್ತೆ ಮತ್ತೆ ಹೋಗುವುದು ಈ ಮೊದಲ ಮುದ್ರಣಕ್ಕೇ.

ತಟ್ಟೆ ನನ್ನದಲ್ಲ, ನನಗೆ ಇಂಗ್ಲಿಷ್ ಕಲಿಸಿದ ಗುರುಗಳದು. ನಾನು ಬಿ.ಎ. ತರಗತಿಯಲ್ಲಿದ್ದಾಗ ಅವರ ಸೇವೆಯ ಕೊನೆಯ ವರ್ಷಗಳು. ಭಾನುವಾರ ಸಂಜೆ ನಾಲ್ಕೈದು ಮಂದಿ ವಿದ್ಯಾರ್ಥಿಗಳು ಅವರ ಮನೆಗೆ ಹೋಗುತ್ತಿದ್ದೆವು. ಅಮ್ಮನವರು ಕಾಫಿ ಕೊಟ್ಟು ಒಳಗೆ ಹೋದ ಮೇಲೆ ಅವರು ಅಂಗವಸ್ತ್ರದಿಂದಲೇ ತಟ್ಟೆಯ ಧೂಳೊರೆಸಿ ಮುಳ್ಳನ್ನು ಇಳಿಸುತ್ತಿದ್ದರು. ಹೆಚ್ಚಿನ ಓದಿಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ, 1963ರ ಚಳಿಗಾಲದಲ್ಲಿ, ಅಗ್ಗದ ಟಿಕೆಟ್ಟು ಕೊಂಡು ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ ಕುಳಿತು ಅವರು ಈ ನಾಟಕವನ್ನು ನೋಡಿದ್ದರಂತೆ. ಒಮ್ಮೆ ನಾನು, "ಸಾರ್, ನೀವು ನೋಡಿದ್ದೂ ಈ ನಟರನ್ನೇ ಏನು?" ಎಂದು ಕೇಳಿದೆ. ಅವರು ನಕ್ಕರು. "ಇಲ್ಲಪ್ಪ, ನಾನು ಹೋಗುವ ಹೊತ್ತಿಗೆ ಮುಖ್ಯ ಪಾತ್ರಗಳಿಗೆ ಬೇರೆಯವರು ಬಂದಿದ್ದರು. ಕಣ್ಣಿಗೆ ಕಂಡವರು ಅವರು. ಕಿವಿಯಲ್ಲಿ ಉಳಿದವರು ಇವರು. ಈಗ ಯಾರು ಯಾರೆಂದು ನನಗೇ ತಿಳಿಯದು" ಎಂದರು.

ನಮ್ಮ ಆಲಂಕಾರಿಕರು ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ವಿಭಾಗಿಸಿದ್ದಾರೆ. ನಾಟಕ ದೃಶ್ಯ, ಅದು ಕಣ್ಣಿಗೆ ಕಟ್ಟಬೇಕು. ಹಾಗಾದರೆ ನಾಟಕದಿಂದ ಕಣ್ಣಿನ ಪಾಲನ್ನು ಕಳೆದು ಕಿವಿಯ ಪಾಲನ್ನಷ್ಟೇ ಉಳಿಸಿದ ಧ್ವನಿಮುದ್ರಿಕೆಯನ್ನು ಏನೆಂದು ಕರೆಯಬೇಕು? 'ಆಲಿವರ್!' ನಾಟಕದ ಮಟ್ಟಿಗೆ ಕಣ್ಣಿನ ಪಾಲು ಸಾಮಾನ್ಯವಾದುದಲ್ಲ. ಷಾನ್ ಕೆನ್ನಿ ಎಂಬ ರಂಗಶಿಲ್ಪಿ ಒರಟು ಮರದ ಅಟ್ಟಣೆಗಳನ್ನೂ ಮೆಟ್ಟಿಲುಗಳನ್ನೂ ಜೋಡಿಸಿ, ಅವೆಲ್ಲ ತಿರುಗುವಂತೆ ಮಾಡಿದ್ದನು. ತೆರೆ ಇಳಿಸಿ ಏರಿಸುವ ಗೋಜಿಲ್ಲದೆ, ಪ್ರೇಕ್ಷಕರ ಕಣ್ಣೆದುರಿಗೇ ಅನಾಥರ ಊಟದ ಮನೆ ಹೆಣದ ಪೆಟ್ಟಿಗೆಯ ಅಂಗಡಿಯಾಗುತ್ತಿತ್ತು, ಕಳ್ಳರ ಅಡಗುದಾಣವಾಗುತ್ತಿತ್ತು, ಲಂಡನ್ ಸೇತುವೆಯಾಗುತ್ತಿತ್ತು. ತಟ್ಟೆಯಲ್ಲಿ ಇದೊಂದೂ ಇಲ್ಲ. ಕತ್ತಲೆಯಲ್ಲಿ ಕುಳಿತು ಕೇಳುವವನಿಗೆ ದಕ್ಕುವುದು ಹದಿನಾರು ಹದಿನೇಳು ಹಾಡುಗಳು ಮಾತ್ರ. ರಂಗವನ್ನು ಅವನೇ ಕಟ್ಟಿಕೊಳ್ಳಬೇಕು. ನಾನು ಲಂಡನ್ನನ್ನು ಕಂಡವನಲ್ಲ. ಆದರೆ ಆ ಸೇತುವೆಯ ಮೇಲಿನ ಮಂಜು ಹೇಗಿರುತ್ತದೆಂದು ಯಾರಾದರೂ ಕೇಳಿದರೆ ಧೈರ್ಯವಾಗಿ ಹೇಳಬಲ್ಲೆ.

ಈ ಹಾಡುಗಳು ಇಷ್ಟು ಬೇಗ ಮನಸ್ಸಿಗೆ ಹತ್ತಿಕೊಳ್ಳುವುದಕ್ಕೆ ಒಂದು ಕಾರಣವನ್ನು ನಾನು ಊಹಿಸಿಕೊಂಡಿದ್ದೇನೆ. ಬಾರ್ಟನಿಗೆ ಸ್ವರಲಿಪಿ ಬರುತ್ತಿರಲಿಲ್ಲ. ಅವನು ಲಂಡನ್ನಿನ ಪೂರ್ವಭಾಗದ ಬಡ ಬೀದಿಗಳಲ್ಲಿ, ಯೆಹೂದ್ಯ ಸಿಂಪಿಗನೊಬ್ಬನ ಮಗನಾಗಿ, 1930ರಲ್ಲಿ ಹುಟ್ಟಿದವನು. ಕಲಿತದ್ದು ಚಿತ್ರಕಲೆಯನ್ನು. ರಾಗ ಹೊಳೆದರೆ ಅದನ್ನು ಗುನುಗಿ ತೋರಿಸುವನು, ಬಲ್ಲವರು ಬರೆದುಕೊಳ್ಳುವರು. ಈ ನಾಟಕದ ವಾದ್ಯಮೇಳವನ್ನು ಅಳವಡಿಸಿದವನು ಎರಿಕ್ ರಾಜರ್ಸ್. ಬರೆದಿಡಲು ಬಾರದವನು ರಚಿಸಿದ ರಾಗ ಅವನ ನೆನಪಿನಲ್ಲಿ ನಿಲ್ಲುವಂತಹದಾಗಿರಲೇಬೇಕು; ಅವನ ನೆನಪಿನಲ್ಲಿ ನಿಂತದ್ದು ನಮ್ಮ ನೆನಪಿನಲ್ಲಿಯೂ ನಿಲ್ಲುತ್ತದೆ. ಬೀಸುವ ಕಲ್ಲಿನ ಮುಂದೆ ಹುಟ್ಟಿದ ನಮ್ಮ ತ್ರಿಪದಿಗಳ ಗುಟ್ಟೂ ಇದೇ ಅಲ್ಲವೆ? ಜನಪದ ಸಾಹಿತ್ಯದ ಪಾಠ ಮಾಡುವಾಗ ಬಾಯಿಂದ ಬಾಯಿಗೆ ಸಾಗುವ ಹಾಡಿನ ಲಕ್ಷಣಗಳನ್ನು ಕಪ್ಪು ಹಲಗೆಯ ಮೇಲೆ ಬರೆಯುತ್ತೇನಲ್ಲ, ಚಿಕ್ಕ ನುಡಿ, ಪುನರಾವೃತ್ತಿ, ಉಸಿರಿನ ಅಳತೆಗೆ ತಕ್ಕ ಸಾಲು, ಅವೆಲ್ಲವೂ ಇಲ್ಲಿವೆ.

ಕಂಠಗಳ ಮಾತನ್ನೂ ಹೇಳಬೇಕು. ಇವರಾರೂ ಕಂಠವನ್ನು ನುಣುಪು ಮಾಡಿಕೊಂಡವರಲ್ಲ. ಫೇಗಿನ್ ಪಾತ್ರದ ರಾನ್ ಮೂಡಿ ಹಾಡುವುದಕ್ಕಿಂತ ಹೆಚ್ಚಾಗಿ ಮಾತನ್ನು ರಾಗದ ಮೇಲೆ ನಡೆಸುತ್ತಾನೆ. ನಡುನಡುವೆ ಗೊಣಗುತ್ತಾನೆ, ನುಸುಳುತ್ತಾನೆ, ತನಗೆ ತಾನೇ ಲೆಕ್ಕ ಒಪ್ಪಿಸುತ್ತಾನೆ. ನ್ಯಾನ್ಸಿಯಾದ ಜಾರ್ಜಿಯಾ ಬ್ರೌನ್ ಬಾರ್ಟನಂತೆಯೇ ಪೂರ್ವ ಲಂಡನ್ನಿನ ಯೆಹೂದ್ಯ ಮನೆತನದವಳು; ಅವಳ ಕಂಠದಲ್ಲಿ ಬೀದಿಯ ಮರಳಿದೆ. ಹೆಣದ ಪೆಟ್ಟಿಗೆ ಮಾರುವ ಸೋವರ್‌ಬೆರಿ ಆಸ್ಟ್ರೇಲಿಯಾದಿಂದ ಬಂದಿದ್ದ ಬ್ಯಾರಿ ಹಂಫ್ರೀಸ್. ಮುಂದೆ ಹಾಸ್ಯನಟನಾಗಿ ಜಗತ್ತಿಗೆಲ್ಲ ಪರಿಚಿತನಾದವನು. ಅವನಿಗಾಗ ಇನ್ನೂ ಇಪ್ಪತ್ತಾರು ವರ್ಷ. ಸಾವಿನ ವ್ಯಾಪಾರವನ್ನು ಅವನು ಹಾಡುವ ಗಾಂಭೀರ್ಯವನ್ನು ಕೇಳಿ ನಗದಿರುವುದು ಕಷ್ಟ. ನಮ್ಮ ಕಂಪನಿ ನಾಟಕಗಳ ಹಳೆಯ ತಟ್ಟೆಗಳನ್ನು ಕೇಳಿದವರಿಗೆ ಈ ಬಗೆಯ ಕಂಠ ಅಪರಿಚಿತವೆನಿಸದು. ಕೊನೆಯ ಬೆಂಚಿನವನಿಗೂ ಅಕ್ಷರ ಕೇಳಿಸಬೇಕೆಂಬ ಛಲ ಅಲ್ಲಿಯೂ ಉಂಟು, ಇಲ್ಲಿಯೂ ಉಂಟು.

ರಚನೆಯ ದೃಷ್ಟಿಯಿಂದ ನನಗೆ ಬಹಳ ಪ್ರಿಯವಾದುದು 'ಹೂ ವಿಲ್ ಬೈ' ಎಂಬ ಹಾಡು. ಕಳ್ಳರಿಂದ ಬಿಡುಗಡೆ ಹೊಂದಿ, ಒಳ್ಳೆಯವರ ಮನೆಯಲ್ಲಿ ಕಣ್ಣುಬಿಟ್ಟ ಆಲಿವರನಿಗೆ ಬೆಳಗಿನ ಬೀದಿ ಕಾಣುತ್ತದೆ. ಗುಲಾಬಿ ಮಾರುವವಳ ಕೂಗು ಮೊದಲು ಒಂಟಿಯಾಗಿ ಬರುತ್ತದೆ. ಅದರ ಮೇಲೆ ಹಾಲಿನವಳ ಕೂಗು, ಆಮೇಲೆ ಸ್ಟ್ರಾಬೆರಿ ಹಣ್ಣಿನವಳ ಕೂಗು, ಕೊನೆಗೆ ಚಾಕು ಸಾಣೆ ಹಿಡಿಯುವವನ ಕೂಗು. ಒಂದೊಂದೂ ಬೇರೆ ಬೇರೆ. ಕೂಡಿದರೆ ಒಂದೇ ಹಾಡು. ಇಷ್ಟೆಲ್ಲ ಮಾರುವವರ ನಡುವೆ ಹುಡುಗ ಕೇಳುವುದೊಂದೇ: ಇಂತಹ ಬೆಳಗನ್ನು ಕೊಂಡು ತನಗಾಗಿ ಕಟ್ಟಿಡುವವರು ಯಾರು ಎಂದು. ಕೆಲವೇ ಹಾಡುಗಳ ಹಿಂದೆ, ಇದೇ ತಟ್ಟೆಯಲ್ಲಿ, ಇದೇ ಹುಡುಗನನ್ನು ಹಿಮ ಬೀಳುವ ಬೀದಿಯಲ್ಲಿ ನಿಲ್ಲಿಸಿ ಬಂಬಲ್ ಎಂಬ ಅಧಿಕಾರಿ ಬೆಲೆ ಕೂಗಿದ್ದನು. ಮಾರಾಟಕ್ಕೆ ನಿಂತಿದ್ದವನೇ ಈಗ ಕೊಳ್ಳುವವರನ್ನು ಕೇಳುತ್ತಿದ್ದಾನೆ. ನಾಟಕವನ್ನು ನೋಡುವವನಿಗೆ ಇವೆರಡರ ನಡುವೆ ಬಹಳ ಕಥೆ ಹಾದುಹೋಗಿರುತ್ತದೆ. ತಟ್ಟೆಯನ್ನು ಕೇಳುವವನಿಗೆ ಮೊದಲನೆಯದು ಇನ್ನೂ ಕಿವಿಯಲ್ಲಿರುವಾಗಲೇ ಎರಡನೆಯದು ಬರುತ್ತದೆ. ಈ ಸಂಬಂಧ ನನಗೆ ಕಂಡದ್ದು ಕಿವಿಯಿಂದ.

ಇಷ್ಟನ್ನು ಹೊಗಳಿ ಲೇಖನವನ್ನು ಮುಗಿಸಬಹುದಿತ್ತು, ಎರಡು ವರ್ಷಗಳ ಹಿಂದೆ ನಾನು ಆ ತಟ್ಟೆಯನ್ನು ತರಗತಿಗೆ ಒಯ್ಯದೆ ಇದ್ದಿದ್ದರೆ. ದೃಶ್ಯಕಾವ್ಯದ ಪಾಠ ನಡೆದಿತ್ತು. ಉದಾಹರಣೆಗೆಂದು ಮೊದಲ ಹಾಡನ್ನೇ ಕೇಳಿಸಿದೆ. ವರ್ಕ್‌ಹೌಸಿನ, ಎಂದರೆ ನಿರ್ಗತಿಕರನ್ನು ಕೂಡಿಹಾಕಿ ದುಡಿಸುವ ಸರ್ಕಾರಿ ಮನೆಯ, ಹುಡುಗರು ತಿಳಿಗಂಜಿಯ ಬಟ್ಟಲನ್ನು ಮುಂದಿಟ್ಟುಕೊಂಡು, ತಾವೆಂದೂ ಉಣ್ಣದ ಭಕ್ಷ್ಯಗಳನ್ನು ಹೆಸರಿಸಿ ಹಾಡುವ ಹಾಡದು. ಕುಣಿಯುವ ನಡೆ. ಹಲವು ವಿದ್ಯಾರ್ಥಿಗಳು ಬೆಂಚಿನ ಮೇಲೆ ತಾಳ ಹಾಕಿದರು. ಹಾಡು ಮುಗಿದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಹಸಿವನ್ನು ಇಷ್ಟು ಸಿಹಿಯಾಗಿ ಹಾಡಬಹುದೆ? ಹಸಿದವರಿಗೆ ಇದು ಅವಮಾನವಲ್ಲವೆ?" ಎಂದು ಕೇಳಿದಳು.

ನನಗೆ ತಟ್ಟನೆ ಉತ್ತರ ತೋಚಲಿಲ್ಲ. ಕರುಣವೂ ಆನಂದವನ್ನೇ ಕೊಡುತ್ತದೆಂಬ ರಸಸಿದ್ಧಾಂತದ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಆ ಹುಡುಗಿಯ ಮುಖದ ಮುಂದೆ ಅದನ್ನು ಹೇಳುವುದಕ್ಕೆ ನಾಚಿಕೆಯಾಯಿತು. ಅವಳ ಮಾತಿನಲ್ಲಿ ನ್ಯಾಯವಿತ್ತು. 1834ರಲ್ಲಿ ಇಂಗ್ಲೆಂಡಿನಲ್ಲಿ ಬಡವರ ಪರಿಹಾರದ ಹೊಸ ಕಾಯಿದೆ ಬಂದಿತು. ವರ್ಕ್‌ಹೌಸಿನ ಬಾಳು ಹೊರಗಿನ ಅತಿ ಬಡ ಕೂಲಿಯ ಬಾಳಿಗಿಂತಲೂ ಕೀಳಾಗಿರಬೇಕು, ಹಾಗಿದ್ದರೆ ಮಾತ್ರ ಜನ ಅಲ್ಲಿಗೆ ಬರಲು ಹಿಂಜರಿಯುತ್ತಾರೆ ಎಂಬುದು ಅದರ ತತ್ತ್ವ. ಗಂಡ, ಹೆಂಡತಿ, ಮಕ್ಕಳನ್ನು ಅಲ್ಲಿ ಬೇರೆ ಬೇರೆ ಇರಿಸುತ್ತಿದ್ದರು. ಡಿಕನ್ಸ್ ತನ್ನ ಕಾದಂಬರಿಯನ್ನು 1837ರಿಂದ 1839ರವರೆಗೆ ಮಾಸಪತ್ರಿಕೆಯೊಂದರಲ್ಲಿ ಕಂತುಕಂತಾಗಿ ಬರೆದದ್ದು ಈ ಕಾಯಿದೆಯ ಮೇಲಿನ ಕೋಪದಿಂದ. ತಾನೇ ಹನ್ನೆರಡರ ವಯಸ್ಸಿನಲ್ಲಿ, ತಂದೆ ಸಾಲಕ್ಕಾಗಿ ಸೆರೆಮನೆ ಸೇರಿದ್ದಾಗ, ಬೂಟಿನ ಮಸಿಯ ಕಾರ್ಖಾನೆಯಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸಿ ದುಡಿದವನು ಆತ. ಅಂತಹ ಕೋಪವನ್ನು ಬಾರ್ಟ್ ಕುಣಿತವಾಗಿ ಕರಗಿಸಿದನೆಂಬ ಆಕ್ಷೇಪಣೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಆಗ ಹಿಂದಿನ ಬೆಂಚಿನಿಂದ, ವರ್ಷವಿಡೀ ಬಾಯಿ ತೆರೆಯದ ಒಬ್ಬ ಹುಡುಗ ಎದ್ದನು. ಸರ್ಕಾರಿ ಹಾಸ್ಟೆಲಿನಲ್ಲಿ ಇದ್ದು ಓದುತ್ತಿದ್ದವನು. "ಸಾರ್, ಹಸಿದವರು ಹೀಗೆಯೇ ಹಾಡುತ್ತಾರೆ" ಎಂದನು. ತರಗತಿ ನಿಶ್ಶಬ್ದವಾಯಿತು. ಅವನು ತಲೆ ತಗ್ಗಿಸಿಕೊಂಡೇ ಹೇಳಿದನು: "ಚಿಕ್ಕವನಿದ್ದಾಗ ನಾನಿದ್ದ ಹಾಸ್ಟೆಲಿನಲ್ಲಿ ರಾತ್ರಿ ಸಾರು ನೀರಿನಂತಿರುತ್ತಿತ್ತು. ದೀಪ ಆರಿಸಿದ ಮೇಲೆ ಒಬ್ಬೊಬ್ಬರೂ ಅವರವರ ಊರ ಹಬ್ಬದ ಅಡುಗೆ ಹೇಳುತ್ತಿದ್ದೆವು. ಹೋಳಿಗೆ, ಕಡುಬು, ಕೋಳಿಸಾರು. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಹೇಳುವ ಹಾಗಿಲ್ಲ, ಅದು ಆಟ. ನಗುತ್ತ ನಗುತ್ತ ನಿದ್ದೆ ಬರುತ್ತಿತ್ತು. ಹೊಟ್ಟೆ ತುಂಬಿದ್ದ ದಿನ ಆ ಆಟ ಆಡಿದ್ದೇ ಇಲ್ಲ."

ಆತನಿಗಿಂತ ಹೆಚ್ಚಿಗೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಹುಡುಗಿಯೂ ಕುಳಿತುಕೊಂಡಳು, ಒಪ್ಪಿದಳೋ ಇಲ್ಲವೋ ನಾನು ಕೇಳಲಿಲ್ಲ. ಮನೆಗೆ ಬಂದು ಅದೇ ಹಾಡನ್ನು ಮತ್ತೆ ಹಾಕಿದೆ. ಇಷ್ಟು ವರ್ಷ ನಾನು ಕೇಳಿದ್ದುದು ಉತ್ಸಾಹವನ್ನು. ಅಂದು ಆ ಉತ್ಸಾಹದ ಅಡಿಯಲ್ಲಿದ್ದ ಖಾಲಿ ಬಟ್ಟಲಿನ ಸದ್ದೂ ಕೇಳಿಸಿತು. ಇನ್ನೊಂದು ಮಾತೂ ಹೊಳೆಯಿತು. ಯುದ್ಧಕಾಲದಲ್ಲಿ ಆರಂಭವಾದ ಬ್ರಿಟನ್ನಿನ ಆಹಾರದ ಪಡಿತರ ಪೂರ್ತಿಯಾಗಿ ಕೊನೆಗೊಂಡದ್ದು 1954ರ ಜುಲೈಯಲ್ಲಿ. 1960ರಲ್ಲಿ ನ್ಯೂ ಥಿಯೇಟರಿನಲ್ಲಿ ಕುಳಿತಿದ್ದ ಜನ ಸಕ್ಕರೆಗೂ ಮಾಂಸಕ್ಕೂ ಪಡಿತರದ ಪುಸ್ತಕ ಹಿಡಿದು ಸಾಲು ನಿಂತವರೇ. ಭಕ್ಷ್ಯಗಳ ಹೆಸರು ಅವರಿಗೆ ಬರಿಯ ವಿನೋದವಾಗಿರಲಾರದು.

ಹೀಗೆ ಸಿಹಿಯೊಳಗೆ ಕಹಿಯನ್ನು ಹುದುಗಿಸುವ ಕ್ರಮ ಎಲ್ಲ ಕಡೆಯೂ ಗೆದ್ದಿದೆಯೆಂದು ನಾನು ಹೇಳಲಾರೆ. ನ್ಯಾನ್ಸಿಯ ಹಾಡಿನಲ್ಲಿ ನನಗಿರುವ ತೊಡಕು ಇನ್ನೂ ಬಿಟ್ಟಿಲ್ಲ. ಬಿಲ್ ಸೈಕ್ಸ್ ಅವಳನ್ನು ಹೊಡೆದು, ಆಲಿವರನನ್ನು ಹಿಡಿದು ತರುವ ಕೆಲಸಕ್ಕೆ ಒಪ್ಪಿಸುತ್ತಾನೆ. ಅದಾದ ಮೇಲೆ ಅವಳು ಒಬ್ಬಳೇ ನಿಂತು, ಅವನಿಗೆ ತನ್ನ ಅಗತ್ಯವಿರುವವರೆಗೆ ತಾನು ಅವನನ್ನು ಬಿಡೆನೆಂದು ಹಾಡುತ್ತಾಳೆ. ರಂಗದ ಮೇಲೆ ಆ ಹೊಡೆತ ಕಣ್ಣಮುಂದೆ ಇರುತ್ತದೆ. ಮುಂದೆ ಲಂಡನ್ ಸೇತುವೆಯ ಮೇಲೆ ಅದೇ ಕೈ ಅವಳ ಪ್ರಾಣ ತೆಗೆಯುವುದನ್ನೂ ಕಾಣುತ್ತೇವೆ. ತಟ್ಟೆಯಲ್ಲಿ ಹೊಡೆತವೂ ಇಲ್ಲ, ಕೊಲೆಯೂ ಇಲ್ಲ. ಹಾಡು ಮಾತ್ರ ಇದೆ. ಅದೇ ವರ್ಷ ಷರ್ಲಿ ಬ್ಯಾಸಿ ಅದನ್ನು ಪ್ರತ್ಯೇಕವಾಗಿ ಹಾಡಿದಾಗ ಅದು ಜನಪ್ರಿಯ ಪ್ರೇಮಗೀತೆಯಾಗಿಬಿಟ್ಟಿತು. ದೃಶ್ಯವನ್ನು ಕಳೆದುಕೊಂಡ ಶ್ರವ್ಯಕ್ಕೆ ಒದಗಬಹುದಾದ ಅಪಾಯವಿದು. ಜಾರ್ಜಿಯಾ ಬ್ರೌನಳ ಕಂಠ ಆ ಅಪಾಯವನ್ನು ಕೊಂಚ ತಡೆಯುತ್ತದೆ. ಅವಳು ಆ ಹಾಡನ್ನು ಸುಖದಿಂದ ಹಾಡುವುದಿಲ್ಲ. ತನ್ನನ್ನು ತಾನೇ ಒಪ್ಪಿಸಿಕೊಳ್ಳಲು ಹೆಣಗುವವಳಂತೆ, ಕೊನೆಯ ಭಾಗದಲ್ಲಿ ಸ್ವರವನ್ನು ಬಲವಂತವಾಗಿ ಮೇಲಕ್ಕೆತ್ತುತ್ತಾಳೆ. ಕಥೆ ತಿಳಿಯದೆ ಆ ಹಾಡನ್ನು ಕೇಳಬಾರದೆಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಫೇಗಿನನ ವಿಷಯ ಇದಕ್ಕೆ ವಿರುದ್ಧ. ಡಿಕನ್ಸನ ಫೇಗಿನ್ ಮಕ್ಕಳಿಗೆ ಜೇಬು ಕತ್ತರಿಸುವುದನ್ನು ಕಲಿಸುವ ಕ್ರೂರಿ. ಅವನನ್ನು ಕಾದಂಬರಿ ಮತ್ತೆ ಮತ್ತೆ ಕುಲದ ಹೆಸರಿನಿಂದಲೇ ಕರೆಯುತ್ತದೆ. 1863ರಲ್ಲಿ ಎಲೈಜಾ ಡೇವಿಸ್ ಎಂಬ ಯೆಹೂದ್ಯ ಮಹಿಳೆ ಇದು ಅನ್ಯಾಯವೆಂದು ಡಿಕನ್ಸನಿಗೆ ಪತ್ರ ಬರೆದಳು. ಆತ ಮೊದಲು ಸಮರ್ಥಿಸಿಕೊಂಡರೂ ಮುಂದಿನ ಮುದ್ರಣದಲ್ಲಿ ಅಂತಹ ಮಾತುಗಳನ್ನು ಬಹಳ ಕಡೆ ತೆಗೆದುಹಾಕಿದನು. ಇನ್ನೊಂದು ಕಾದಂಬರಿಯಲ್ಲಿ ಸಜ್ಜನನಾದ ಯೆಹೂದ್ಯನೊಬ್ಬನನ್ನು ಸೃಷ್ಟಿಸಿದನು. ಯೂರೋಪಿನಲ್ಲಿ ಅರವತ್ತು ಲಕ್ಷ ಯೆಹೂದ್ಯರ ಕೊಲೆಯಾಗಿ ಹದಿನೈದು ವರ್ಷಗಳ ಮೇಲೆ, ಯೆಹೂದ್ಯ ಕವಿಯೊಬ್ಬ, ಯೆಹೂದ್ಯ ನಟನೊಬ್ಬ ಸೇರಿ ಅದೇ ಫೇಗಿನನನ್ನು ಮತ್ತೆ ರಂಗಕ್ಕೆ ತಂದರು. ಅವನು ಕಳ್ಳನೇ, ಆದರೆ ಮುದುಕ, ಒಂಟಿ, ನಾಳೆಯ ಚಿಂತೆಯುಳ್ಳವನು. ತನ್ನ ಸ್ಥಿತಿಯನ್ನು ಪುನರ್ವಿಮರ್ಶಿಸುವ ಅವನ ಹಾಡಿನಲ್ಲಿ ಪಿಟೀಲು ಯೆಹೂದ್ಯರ ಮದುವೆಮನೆಯ ಸಂಗೀತದ ಜಾಡು ಹಿಡಿದು ಅಳುತ್ತದೆ, ನಗುತ್ತದೆ. ಕಾದಂಬರಿಯಲ್ಲಿ ಅವನಿಗೆ ಗಲ್ಲು. ನಾಟಕದಲ್ಲಿ ಅವನು ಬರಿಗೈಯಲ್ಲಿ ನಡೆದು ಹೊರಟುಹೋಗುತ್ತಾನೆ. ಇನ್ನೊಂದು ಸಂಗತಿ: ಬಾಲಕ ಡಿಕನ್ಸ್ ಮಸಿಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಅವನನ್ನು ಅಕ್ಕರೆಯಿಂದ ನೋಡಿಕೊಂಡ ಹಿರಿಯ ಹುಡುಗನ ಹೆಸರು ಬಾಬ್ ಫೇಗಿನ್. ಉಪಕಾರಿಯ ಹೆಸರನ್ನು ದುಷ್ಟನಿಗೆ ಏಕೆ ಇಟ್ಟನೋ, ಕವಿಯ ಮನಸ್ಸೇ ಬಲ್ಲದು. ನೂರಿಪ್ಪತ್ತು ವರ್ಷಗಳ ಮೇಲೆ ಆ ಹೆಸರಿಗೆ ಸ್ವಲ್ಪವಾದರೂ ಅಕ್ಕರೆ ಮರಳಿ ದೊರಕಿತು.

ಹಾಡು ಕಟ್ಟಿದವನ ಕಥೆ ಸುಖಾಂತವಲ್ಲ. ರಾಬಿನ್ ಹುಡ್ ಕಥೆಯನ್ನು ಕುರಿತ ತನ್ನ ಮುಂದಿನ ನಾಟಕವೊಂದನ್ನು 1965ರಲ್ಲಿ ನಿಲ್ಲಿಸುವುದಕ್ಕಾಗಿ ಬಾರ್ಟ್ ಕೈಯಿಂದ ಹಣ ಸುರಿದನು, ಸಾಲದಾಗ 'ಆಲಿವರ್!' ನಾಟಕದ ಹಕ್ಕುಗಳನ್ನೇ ಮಾರಿದನು. ಆ ನಾಟಕ ಕೆಲವೇ ವಾರಗಳಲ್ಲಿ ಬಿದ್ದುಹೋಯಿತು. 1972ರಲ್ಲಿ ಅವನು ದಿವಾಳಿಯಾದನು. ಜಗತ್ತಿನ ಶಾಲೆ ಶಾಲೆಗಳಲ್ಲಿ ಮಕ್ಕಳು ಅವನ ಹಾಡುಗಳನ್ನು ಹಾಡುತ್ತಿದ್ದರು. ಅದರ ಆದಾಯ ಅವನದಾಗಿರಲಿಲ್ಲ. 1994ರಲ್ಲಿ ನಿರ್ಮಾಪಕ ಕ್ಯಾಮೆರಾನ್ ಮ್ಯಾಕಿಂತಾಷ್ ಲಂಡನ್ ಪಲ್ಲೇಡಿಯಮ್ಮಿನಲ್ಲಿ ನಾಟಕವನ್ನು ಮತ್ತೆ ಆಡಿಸಿದಾಗ, ಲಾಭದಲ್ಲಿ ಅವನಿಗೂ ಒಂದು ಪಾಲು ಕೊಟ್ಟನು. ಐದು ವರ್ಷಗಳ ಮೇಲೆ, 1999ರಲ್ಲಿ, ಬಾರ್ಟ್ ತೀರಿಕೊಂಡನು. ಇನ್ನೂ ಸ್ವಲ್ಪ ಬೇಕೆಂದು ಬಟ್ಟಲು ಚಾಚಿದ ಹುಡುಗನ ಕಥೆಯನ್ನು ಬರೆದವನು ತನ್ನ ಬಟ್ಟಲನ್ನು ತಾನೇ ಮಾರಿಕೊಂಡನಲ್ಲ ಎಂದು ಗುರುಗಳು ಮರುಗುತ್ತಿದ್ದರು.

ಇನ್ನು ಆ ಹುಡುಗ. ತಟ್ಟೆಯಲ್ಲಿ ಆಲಿವರನಾಗಿ ಹಾಡಿರುವವನು ಕೀತ್ ಹ್ಯಾಂಷಿಯರ್. ಹೆಣದ ಪೆಟ್ಟಿಗೆಗಳ ನಡುವೆ ರಾತ್ರಿ ಒಂಟಿಯಾಗಿ ಬಿದ್ದುಕೊಂಡು, ಪ್ರೀತಿಯೆಂಬುದು ಎಲ್ಲಿದೆಯೆಂದು ಅವನು ಕೇಳುವ ಹಾಡು ಈ ನಾಟಕದ ಹೃದಯ. ಗಂಡುಮಕ್ಕಳ ಅಂತಹ ಕಂಠಕ್ಕೆ ಆಯುಸ್ಸು ಕಡಮೆ. ಒಂದೆರಡು ವರ್ಷಗಳಲ್ಲಿ ಒಡೆದುಹೋಗುತ್ತದೆ. ಅದಕ್ಕಾಗಿಯೇ ಆರು ವರ್ಷಗಳ ಪ್ರದರ್ಶನದಲ್ಲಿ ಆಲಿವರರು ಒಬ್ಬರಾದ ಮೇಲೆ ಒಬ್ಬರು ಬದಲಾದರು. ಕೀತ್ ಬೆಳೆದು ದೊಡ್ಡವನಾಗಿ ಚಲನಚಿತ್ರಗಳ ಸ್ಥಿರಛಾಯಾಗ್ರಾಹಕನಾದನು. 'ಸ್ಟಾರ್ ವಾರ್ಸ್' ಮೊದಲಾದ ಹೆಸರಾಂತ ಚಿತ್ರಗಳಿಗೆ ಕೆಲಸ ಮಾಡಿದನು. ಓಡುವ ಚಿತ್ರದ ನಡುವೆ ಒಂದು ಕ್ಷಣವನ್ನು ಹಿಡಿದು ನಿಲ್ಲಿಸುವುದು ಅವನ ಕಸುಬಾಯಿತು. ಅವನ ಬಾಲ್ಯದ ಕಂಠವನ್ನು ಡೆಕ್ಕಾದವರು ಹಾಗೆಯೇ ಹಿಡಿದು ನಿಲ್ಲಿಸಿದ್ದರು.

ಗುರುಗಳು ತೀರಿಕೊಂಡು ಎಂಟು ವರ್ಷವಾಯಿತು. ವೈಕುಂಠದ ಮರುದಿನ ಅಮ್ಮನವರು ತಟ್ಟೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, "ಇದನ್ನು ಹಾಕಿದರೆ ಮನೆಯಲ್ಲಿ ಅವರು ಇದ್ದಾರೆ ಅನ್ನಿಸುತ್ತದೆ ಕಣಪ್ಪ. ನನಗೆ ಕೇಳುವುದಕ್ಕಾಗದು. ನೀನು ಕೇಳು" ಎಂದರು. ಆ ಒಂಟಿ ಹುಡುಗನ ಹಾಡಿನ ನಡುವೆ ಒಂದು ಗೀರು ಬಿದ್ದಿದೆ. ಅಲ್ಲಿಗೆ ಬಂದಾಗ ಮುಳ್ಳು ಹಿಂದಕ್ಕೆ ಜಾರುತ್ತದೆ. ಹುಡುಗ ಕೇಳಿದ್ದನ್ನೇ ಮತ್ತೆ ಕೇಳುತ್ತಾನೆ. ಗುರುಗಳು ಕುಳಿತಲ್ಲಿಂದ ಎದ್ದು, ಬೆರಳ ತುದಿಯಿಂದ ಮುಳ್ಳನ್ನು ಮೆಲ್ಲಗೆ ಮುಂದಕ್ಕೆ ದಾಟಿಸುತ್ತಿದ್ದರು. ಈಗ ಗೀರಿಲ್ಲದ ಅದೇ ಹಾಡು ಮೊಬೈಲಿನಲ್ಲಿ ದೊರೆಯುತ್ತದೆ. ಕಳೆದ ತಿಂಗಳು ನನ್ನ ಮಗಳು ಅದನ್ನು ಹಾಕಿದಳು. ಹಾಡು ಎಲ್ಲಿಯೂ ತಡೆಯದೆ ಕೊನೆ ಮುಟ್ಟಿತು. ಗೀರು ಬರಬೇಕಾದ ಜಾಗ ಬಂದಾಗ ನಾನು ಅರಿಯದೆಯೇ ಕುರ್ಚಿಯಿಂದ ಅರ್ಧ ಎದ್ದಿದ್ದೆ. "ಏನಪ್ಪ, ಎಲ್ಲಿಗೆ ಹೊರಟೆ?" ಎಂದು ಮಗಳು ಕೇಳಿದಳು. ಏನೂ ಇಲ್ಲವೆಂದು ಹೇಳಿ ಮತ್ತೆ ಕುಳಿತೆ.